ಬಾಗಿಲ ಮುಂದಿನ ಹುಲ್ಲು

"ಸೋಪು ಗೀಪು ಮುಟ್ಟಿದ್ರೆ ನೋಡಿ ಮತ್ತೆ! ಕಡ್ಲೆಹಿಟ್ಟು ಇಟ್ಟಿವ್ನಿ, ಅದನ್ನೇ ಹಚ್ಕಳಿ."

ಸರ್ವಮಂಗಳ ಬಚ್ಚಲಮನೆ ಬಾಗಿಲಿಗೆ ಬಾಯಿಟ್ಟು ಕೂಗಿದಳು. ಒಳಗೆ ಚೊಂಬಿನ ಸದ್ದು ನಿಂತಿತು.

"ಮಗಳನ್ನ ನೋಡಾಕೆ ಗಂಡಿನ ಕಡೆಯೋರು ಬರೋ ದಿನ ಕಣೇ ಪುಣ್ಯಾತ್ಗಿತ್ತಿ. ಇವತ್ತಾದ್ರೂ ಮೈ ತೊಳ್ಕಳಾಕೆ ಬುಡು," ಎಂದ ಗಂಡ ವಿರೂಪಾಕ್ಷ.

"ತೊಳ್ಕಳಿ, ಯಾರು ಬ್ಯಾಡ ಅಂದೋರು? ಸೋಪಿನ ನೀರು ನನ್ ಉಲ್ಲಿಗೆ ಆಗಾಕಿಲ್ಲ, ಅಷ್ಟೇಯ."

ಬಚ್ಚಲ ತೂಬಿನ ಕೆಳಗೆ ಅವಳು ಪ್ಲಾಸ್ಟಿಕ್ ಟಬ್ಬು ಇಟ್ಟಿದ್ದಳು. ಆ ಮನೆಯಲ್ಲಿ ಯಾರು ಮಿಂದರೂ ಮಿಂದ ನೀರು ಟಬ್ಬಿಗೆ, ಟಬ್ಬಿನಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಹುಲ್ಲಿಗೆ. ಅಕ್ಕಿ ತೊಳೆದಿದ್ದು, ಸೊಪ್ಪು ತೊಳೆದಿದ್ದು, ಎಲ್ಲದಕ್ಕೂ ಅದೇ ದಾರಿ. ಶಿವರಾತ್ರಿ ಕಳೆದ ಮೇಲೆ ಬೀಚನಹಳ್ಳಿ ಸುತ್ತಮುತ್ತ ಒಂದು ಹನಿ ಬಿದ್ದಿರಲಿಲ್ಲ. ಕಬಿನಿ ಅಣೆಕಟ್ಟೆ ಮಗ್ಗುಲಲ್ಲೇ ಇದ್ದರೂ ಊರ ಕೊಳಾಯಿಗೆ ನೀರು ಬರುವುದು ಅದರ ಮನಸ್ಸಿಗೆ ಬಂದಾಗ. ಆ ಕೊಳಾಯಿ ನೀರನ್ನು ಒಂದು ಲೋಟದಷ್ಟಾದರೂ ಹುಲ್ಲಿಗೆ ಸುರಿದಿದ್ದರೆ ತನ್ನ ಕೈ ಸೇದಿಹೋಗಲಿ ಎಂದು ಅವಳು ಬೀದಿಯಲ್ಲಿ ನಿಂತು ಹೇಳಿದ್ದಳು. ಯಾರೂ ನಂಬಿರಲಿಲ್ಲ ಅನ್ನಿ.

ಹುಲ್ಲಾದರೂ ಎಷ್ಟು? ಮದುವೆಮನೆಯ ಒಂದು ಜಮಖಾನ ಹಾಸಿದಷ್ಟು. ಹೊಸ್ತಿಲ ಮುಂದೆ ರಂಗೋಲಿಗೆಂದು ಮೊರದಗಲ ಜಾಗ ಬಿಟ್ಟು, ಅಲ್ಲಿಂದ ಬೀದಿಯವರೆಗೆ ಒತ್ತಾಗಿ, ಗಿಡ್ಡವಾಗಿ, ಹಸಿರಾಗಿ ಹಬ್ಬಿತ್ತು. ಬೀದಿಗೆ ಬೀದಿಯೇ ಮಣ್ಣುಬಣ್ಣಕ್ಕೆ ತಿರುಗಿದ್ದಾಗ ಆ ಹಸಿರು ಜನರ ಕಣ್ಣಿಗೆ ಚುಚ್ಚುತ್ತಿತ್ತು. ಹಸು ಮೇಯುವ ಹುಲ್ಲಲ್ಲ, ಪೂಜೆಗೆ ಬರುವ ಹುಲ್ಲಲ್ಲ, ಸೂರಿಗೆ ಹೊದಿಸುವುದೂ ಅಲ್ಲ. ಮತ್ತೆ ಯಾತಕ್ಕೆ? ಈ ಪ್ರಶ್ನೆಗೆ ಊರಿನವರು ತಮತಮಗೆ ತೋಚಿದ ಉತ್ತರ ಕೊಟ್ಟುಕೊಂಡು ನಗುತ್ತಿದ್ದರು.

ವಿರೂಪಾಕ್ಷ ಮಿಂದು, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಇಟ್ಟುಕೊಂಡು ಹೊರಗೆ ಬಂದ. ಎದುರುಮನೆ ವಿಮಲಮ್ಮ ಅದಕ್ಕೇ ಕಾದಿದ್ದವಳಂತೆ ಪೊರಕೆ ಹಿಡಿದು ನಿಂತಿದ್ದಳು.

"ಇವತ್ತಾದ್ರೂ ಕಿತ್ತಾಕ್ಸಣ್ಣ. ಯಾರಿಗಾದ್ರೂ ಶಾಪ ಹಾಕ್ಬೇಕಾದ್ರೆ ನಿನ್ ಬಾಗ್ಲಲ್ಲಿ ಉಲ್ಲು ಬೆಳೀಲಿ ಅಂತೀವಿ. ನಿನ್ ಎಂಡ್ರು ಕೈಯಾರೆ ನೆಟ್ಟು, ನೀರು ಉಯ್ದು ಸಾಕ್ತಾವ್ಳೆ! ಎಣ್ಣು ನೋಡಾಕೆ ಬಂದೋರು ಹಾಳು ಮನೆ ಅಂದ್ಕಂಡು ಆಚೆಯಿಂದಾಚೆಗೆ ಹೊಂಟೋದ್ರೆ?"

ಆ ಮಾತು ವಿರೂಪಾಕ್ಷನಿಗೆ ಸರಿಯಾಗಿ ನಾಟಿತು. ಅವನೇನು ಕೆಟ್ಟವನಲ್ಲ, ಪಾಪ. ಮಗಳು ಚೈತ್ರಳಿಗೆ ಬಂದಿದ್ದು ಒಳ್ಳೆಯ ಸಂಬಂಧ, ಹಂಪಾಪುರದ ಕಡೆಯ ಮನೆತನಸ್ಥರು. ಹುಲ್ಲಿನ ದೆಸೆಯಿಂದ ತಪ್ಪಿಹೋದರೆ ಯಾರಿಗೆ ಮುಖ ತೋರಿಸುವುದು? ಅವನು ಸೀದಾ ಹಿತ್ತಲಿಗೆ ಹೋಗಿ ಗುದ್ದಲಿ ತಂದ.

"ಅವರು ಬರೋದು ರಾಹುಕಾಲ ಕಳೆದ ಮೇಲೆ. ಅಷ್ಟರಲ್ಲಿ ಕೆತ್ತಿ, ಸಗಣಿ ಹಾಕಿ ಸಾರ್ಸಿಬುಡಾನ," ಎಂದ, ಹೆಂಡತಿಯ ಮುಖ ನೋಡದೆ.

"ಮುಟ್ಟಿ ನೋಡಾನ," ಎಂದಳು ಸರ್ವಮಂಗಳ.

ಚೈತ್ರ ಕಿಟಕಿಯಲ್ಲಿ ಕಾಣಿಸಿಕೊಂಡಳು. ಅರ್ಧ ಜಡೆ ಹೆಣೆದಿತ್ತು, ಕಣ್ಣು ಆಗಲೇ ತುಂಬಿದ್ದವು. "ಕೆತ್ತೋದೂ ಬ್ಯಾಡ, ಜಗಳವೂ ಬ್ಯಾಡ ಕಣವ್ವ. ಮೇಲೆ ಟಾರ್ಪಾಲ್ ಹಾಸಿ ಚೇರ್ ಹಾಕ್ಬುಡಾನ. ಇವತ್ತೊಂದಿನ."

"ಮುಚ್ಚಿಡಾಕೆ ಅದೇನು ಕದ್ದ ಮಾಲಾ?"

ಹಾಗೆ ನೋಡಿದರೆ ಅದು ಕದ್ದ ಮಾಲೇ. ಸರ್ವಮಂಗಳ ಎಷ್ಟೋ ವರ್ಷ ಹಿನ್ನೀರಿನ ಪಕ್ಕದ ರೆಸಾರ್ಟೊಂದರಲ್ಲಿ ಲಾನ್ ಕೆಲಸಕ್ಕೆ ಹೋಗುತ್ತಿದ್ದಳು. ಬಿಸಿಲೇರುವ ಮುಂಚೆ ಪೈಪು ಹಿಡಿದು ನೀರು ಬಿಡುವುದು, ಆಮೇಲೆ ಕುಕ್ಕರಗಾಲಲ್ಲಿ ಸರಿಯುತ್ತಾ ಕಳೆ ಕೀಳುವುದು. ಕುಕ್ಕರಗಾಲಲ್ಲಿ ಎಷ್ಟು ಹೊತ್ತಾದರೂ ಇರಬಹುದು, ಕೂರುವ ಹಾಗಿಲ್ಲ. ಕೂರುವವರು ದುಡ್ಡು ಕೊಟ್ಟು ಬಂದವರು. ಒಂದು ದಿನ ಮಂಡಿ ಹಿಡಿದುಕೊಂಡು ಜೀವ ಹೋದಂತಾಗಿ, ಕಾಲು ನೀಡಿ ಒಂದು ಗಳಿಗೆ ಕೂತಳು. ಸೂಪರ್‌ವೈಸರ್ ಓಡಿಬಂದು, "ಏಯ್, ಎದ್ದೇಳು! ಗೆಸ್ಟ್‌ಗಳು ನೋಡ್ತಾವ್ರೆ," ಎಂದ. ಅವಳಿಗೆ ಮಗನಾಗುವಷ್ಟು ವಯಸ್ಸಿನವನು. ಸರ್ವಮಂಗಳ ಎದ್ದಳು. ಎದ್ದವಳು ಮತ್ತೆ ಕೆಲಸಕ್ಕೆ ಬಗ್ಗಲಿಲ್ಲ. ಲಾನಿನ ಅಂಚಿನಿಂದ ಒಂದು ಹಿಡಿ ಹುಲ್ಲನ್ನು ಬೇರುಸಮೇತ ಕಿತ್ತು, ಊಟದ ಡಬ್ಬಿಗೆ ತುರುಕಿ, ಮುಚ್ಚಳ ಒತ್ತಿ, ಗೇಟು ದಾಟಿ ಬಂದಳು.

ಆ ಹಿಡಿ ಹುಲ್ಲೇ ಈಗ ಜಮಖಾನವಾಗಿದ್ದು. ಆದರೆ ಒಂದು ಮಾತು ಹೇಳಲೇಬೇಕು: ಕೂರುವುದಕ್ಕೆಂದೇ ಬೆಳೆಸಿದ ಹುಲ್ಲಿನ ಮೇಲೆ ಅವಳು ಒಂದು ದಿನವೂ ಕೂತಿರಲಿಲ್ಲ. ಊರಿಗೆಲ್ಲ ಎದುರು ಮಾತಾಡುವ ಗಟ್ಟಿಗಿತ್ತಿಗೆ, ಹಾಡುಹಗಲು ಬೀದಿ ನೋಡುತ್ತಾ ಸುಮ್ಮನೆ ಕೂರುವುದೆಂದರೆ ನಾಚಿಕೆ. ಮಳೆ ಬೀಳಲಿ, ಹುಲ್ಲು ಇನ್ನಷ್ಟು ಒತ್ತಾಗಲಿ ಎಂದು ತನಗೆ ತಾನೇ ನೆಪ ಹೇಳಿಕೊಂಡು ದಿನ ದೂಡಿದ್ದಳು.

ವಿರೂಪಾಕ್ಷ ಪಂಚೆ ಎತ್ತಿ ಕಟ್ಟಿ ಗುದ್ದಲಿ ಬೀಸಿದ. ಮೂಲೆಯ ಒಂದು ಹೆಂಟೆ ಬೇರುಸಹಿತ ಎದ್ದು ಮಗುಚಿ ಬಿತ್ತು. ಸರ್ವಮಂಗಳ ಕೈಲಿದ್ದ ಬಕೆಟ್ಟನ್ನು ಅಲ್ಲೇ ಇಟ್ಟು, ನಡೆದುಹೋಗಿ, ಹುಲ್ಲಿನ ನಟ್ಟನಡುವೆ ಕೂತು ಕಾಲು ನೀಡಿಬಿಟ್ಟಳು.

"ಎದ್ದೇಳೇ."

"ಏಳಾಕಿಲ್ಲ. ನನ್ನೂ ಸೇರ್ಸಿ ಕೆತ್ತಿ."

"ಜನ ನೋಡ್ತಾವ್ರೆ ಕಣೇ!"

"ನೋಡ್ಲಿ. ನಿಮ್ ಹೊಲದಲ್ಲಿ ಕಳೆ ಕಿತ್ತೆ, ಕಂಡೋರ ಲಾನಲ್ಲಿ ಕಳೆ ಕಿತ್ತೆ. ನನಗೆ ಅಂತ ಬೆಳೆದಿದ್ದು ಇದೊಂದೇಯ. ಇದನ್ನೂ ಕಳೆ ಅಂತೀರಾ?"

ವಿರೂಪಾಕ್ಷ ಗುದ್ದಲಿ ಎತ್ತಲೂ ಆಗದೆ ಇಳಿಸಲೂ ಆಗದೆ ನಿಂತ. ಹುಲ್ಲು ಸೀರೆಯ ಮೂಲಕ ತಣ್ಣಗೆ ತಾಗುತ್ತಿತ್ತು. ಅಯ್ಯೋ ಶಿವನೇ, ಇಷ್ಟು ಸುಖವಿದೆಯಾ ಇದರಲ್ಲಿ, ಎಂದುಕೊಂಡಳು ಸರ್ವಮಂಗಳ. ಇಂಥಾ ಹೊತ್ತಿನಲ್ಲೂ ಅವಳಿಗೆ ನಗು ಬಂತು.

ಅಷ್ಟರಲ್ಲೇ ವಿಮಲಮ್ಮ ಪೊರಕೆ ಬಿಸಾಕಿ, "ಬಂದ್ರು! ಬಂದೇಬುಟ್ರು!" ಎಂದು ಒಳಕ್ಕೋಡಿದಳು.

ಗಂಡಿನವರು ರಾಹುಕಾಲ ಕಳೆಯಲೆಂದು ಕಾಯದೆ, ಅದು ಶುರುವಾಗುವ ಮುಂಚೆಯೇ ಹೊರಟು ಬಂದಿದ್ದರು. ಬೀದಿ ತುದಿಯಲ್ಲಿ ಪೈಪ್‌ಲೈನಿಗೆ ಅಗೆದಿದ್ದರಿಂದ ಕಾರು ಅಲ್ಲೇ ಬಿಟ್ಟು ನಡೆದಿದ್ದರು. ಮುಂದೆ ಹುಡುಗನ ತಾಯಿ ಸುಂದ್ರಮ್ಮ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು; ಹಿಂದೆ ಅವಳ ಯಜಮಾನರು ಚನ್ನಬಸವಣ್ಣ, ಅವರ ಹಿಂದೆ ಹುಡುಗ. ಮೂವರ ಕಾಲೂ ಕಣಕಾಲವರೆಗೆ ಕೆಂಧೂಳು.

ಸರ್ವಮಂಗಳಳ ಕೈ ಅಭ್ಯಾಸಬಲದಿಂದ ನೆಲಕ್ಕೂರಿತು. ಏಳಬೇಕು, ಸೆರಗು ಹೊದೆಯಬೇಕು, ಓಡಬೇಕು. ಎದ್ದರೆ ಅವತ್ತು ರೆಸಾರ್ಟಿನಲ್ಲಿ ಎದ್ದ ಹಾಗೇ ಎದ್ದಂತಾಗುತ್ತದೆ ಅನ್ನಿಸಿತು. ಮಗಳ ಮುಖ ಕಣ್ಣಮುಂದೆ ಬಂತು. ಆದರೂ ಊರಿದ ಕೈ ತೆಗೆದು, ಕೂತಲ್ಲೇ ಎರಡೂ ಕೈ ಜೋಡಿಸಿದಳು.

"ಶರಣು, ಬನ್ನಿ."

ಸುಂದ್ರಮ್ಮ ಹುಲ್ಲಿನ ಅಂಚಿಗೆ ಬಂದು ನಿಂತಳು. ಕೂತ ಹೆಂಗಸನ್ನು ನೋಡಿದಳು, ಗುದ್ದಲಿ ಹಿಡಿದ ಗಂಡಸನ್ನು ನೋಡಿದಳು, ಮಗುಚಿ ಬಿದ್ದ ಹೆಂಟೆಯನ್ನೂ ನೋಡಿದಳು.

"ಇದೇನ್ರವ್ವಾ, ಬಾಗ್ಲಲ್ಲಿ ಉಲ್ಲು?"

"ನಾನೇ ನೆಟ್ಟಿರೋದು. ಕೂತ್ಕಳಾಕೆ."

"ಈ ಬೇಸಿಗೇಲಿ? ನೀರಿಗೇನ್ಮಾಡ್ತೀರಿ?"

"ಮೈ ತೊಳೆದಿದ್ದು, ಅಕ್ಕಿ ತೊಳೆದಿದ್ದು, ಅದನ್ನೇ ಉಯ್ತೀನಿ. ನೀವೂ ಇದರ ಮೇಲೇ ನಿಂತ್ಕಂಡು ಕಾಲು ತೊಳ್ಕಂಡ್ರೆ ಅದಕ್ಕೂ ಒಂದು ಚೊಂಬು ನೀರು ಸಿಕ್ತದೆ."

ಬಂದ ಬೀಗರಿಗೆ ಯಾರಾದರೂ ಹೀಗೆ ಹೇಳುವುದುಂಟೇ! ಚನ್ನಬಸವಣ್ಣ ಕೆಮ್ಮಿದರು. ವಿರೂಪಾಕ್ಷ ಭೂಮಿ ಬಾಯಿಬಿಟ್ಟರೆ ಸಾಕು ಎನ್ನುವ ಹಾಗೆ ನಿಂತಿದ್ದವನು, ಬೇರೇನೂ ತೋಚದೆ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಎರಡು ಕೈಲೂ ಚಾಚಿದ. ಗುದ್ದಲಿ ಕಂಕುಳಲ್ಲೇ ಇತ್ತು.

ಸುಂದ್ರಮ್ಮ ಚೊಂಬು ಇಸಿದುಕೊಂಡಳು. ಆಮೇಲೆ ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಕಾಲಿಟ್ಟಳು. ಒಂದು ಪಾದಕ್ಕೆ ನೀರು ಹುಯ್ದುಕೊಂಡಳು, ಇನ್ನೊಂದಕ್ಕೆ ಹುಯ್ದುಕೊಂಡಳು. ಕೆಂಪು ನೀರು ಹುಲ್ಲಿನ ಬುಡಕ್ಕೆ ಇಳಿದು ಮಾಯವಾಯಿತು. ಕಾಲು ತೊಳೆದಾದ ಮೇಲೂ ಅವಳು ಅಲ್ಲಿಂದ ಕದಲಲಿಲ್ಲ. ನೆರಿಗೆ ಇನ್ನೂ ಒಂಚೂರು ಮೇಲೆತ್ತಿ, ಬೆರಳುಗಳನ್ನು ಹುಲ್ಲಿನೊಳಗೆ ಮಡಚಿ, ಬಿಡಿಸಿ, ಮತ್ತೆ ಮಡಚಿದಳು.

ಚೊಂಬನ್ನು ವಿರೂಪಾಕ್ಷನ ಕಡೆ ಚಾಚಿ, "ಯಜಮಾನ್ರೇ, ಇನ್ನೊಂದು ಚೊಂಬು ತನ್ನಿ," ಎಂದಳು.

ವಿರೂಪಾಕ್ಷ ಗುದ್ದಲಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದ. ಸರ್ವಮಂಗಳ ಕೂತಲ್ಲಿಂದಲೇ ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಏಳಲಿಲ್ಲ.