ಬದಲಿಯವರಲ್ಲಿ ಮೊದಲನೆಯವಳು

ಬೇರೆಯವರ ಕಾಲು ಮುರೀಲಿ ಅಂತ ದೇವರ ಹತ್ತಿರ ಬೇಡಿಕೊಳ್ಳೋದು ಪಾಪ ಅಂತ ಟ್ವೈಲಾ ನೇಪಿಯರಿಗೆ ಗೊತ್ತಿತ್ತು. ಅದಕ್ಕೇ ಅವಳು ಕಾಲಿನ ತಂಟೆಗೆ ಹೋಗಲಿಲ್ಲ. ಯಾರಿಗಾದರೂ ದೂರದ ಊರಲ್ಲಿ ಒಳ್ಳೇ ಕೆಲಸ ಸಿಗಲಿ, ಯಾವಳಿಗಾದರೂ ಇದ್ದಕ್ಕಿದ್ದ ಹಾಗೆ ಮದುವೆ ಗೊತ್ತಾಗಲಿ, ಯಾರ ಗಂಡನಿಗಾದರೂ ಟೆಕ್ಸಾಸಿಗೆ ವರ್ಗವಾಗಲಿ ಅಂತ ಬೇಡಿಕೊಂಡಳು. ಒಟ್ಟಿನಲ್ಲಿ ಯಾರಾದರೂ ಒಬ್ಬರು ಎದ್ದು ಹೋಗಬೇಕು. ಒಬ್ಬರೇ ಒಬ್ಬರು ಸಾಕು.

ಕಾಲೇಜಿನ ನರ್ಸಿಂಗ್ ತರಗತಿಗೆ ಸೀಟು ಇಷ್ಟೇ ಅಂತ ಇದೆ. ಎರಡು ವರ್ಷ ಓದಿ ಅಸೋಸಿಯೇಟ್ ಡಿಗ್ರಿ ತಗೊಂಡು, ಆಮೇಲೆ ಲೈಸೆನ್ಸಿನ ಪರೀಕ್ಷೆ ಪಾಸಾದರೆ ರಿಜಿಸ್ಟರ್ಡ್ ನರ್ಸು. ಕೆಂಟಕಿಯ ಈ ಬೆಟ್ಟಗಳಲ್ಲಿ ಕಲ್ಲಿದ್ದಲಿನ ಗಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ನಂಬಿಕೊಳ್ಳಬಹುದಾದ ಕೆಲಸ ಅಂದರೆ ಅದೊಂದೇ, ಹಾಗಾಗಿ ಸೀಟಿಗೆ ಮುಗಿಬೀಳೋರು ಬೇಕಾದಷ್ಟು ಜನ. ಟ್ವೈಲಾ ಮೂರನೇ ಸಲ ಅರ್ಜಿ ಹಾಕಿದ್ದಳು. ಈ ಸಲ ಅವರು ಇಲ್ಲ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಬದಲಿಯವರ ಸಾಲಿನಲ್ಲಿ ನೀನು ಮೊದಲನೆಯವಳು ಅಂದರು.

ಬದಲಿಯವರ ಪಾಡು ನಾಯಿಪಾಡು. ಸೀಟು ಸಿಕ್ಕವರು ಮಾಡೋದನ್ನೆಲ್ಲ ಅವರೂ ಮಾಡಬೇಕು. ಸೂಜಿ ಚುಚ್ಚಿಸಿಕೊಳ್ಳಬೇಕು, ಯೂನಿಫಾರ್ಮ್ ತರಬೇಕು, ಬಿಳೀ ಬೂಟು ಕೊಳ್ಳಬೇಕು, ತರಗತಿ ಶುರುವಾಗೋ ಮುಂಚಿನ ಸಭೆಗೆ ಬಂದು ಹಿಂದಿನ ಸಾಲಲ್ಲಿ ಕೂರಬೇಕು. ಮದುವಣಗಿತ್ತಿ ಓಡಿಹೋದರೆ ಇರಲಿ ಅಂತ ಇನ್ನೊಬ್ಬಳಿಗೂ ಸಿಂಗಾರ ಮಾಡಿ ಪಕ್ಕದಲ್ಲಿ ನಿಲ್ಲಿಸಿದ ಹಾಗೆ! ಶುಕ್ರವಾರ ಮಧ್ಯಾಹ್ನ ಹನ್ನೆರಡರ ಒಳಗೆ ಯಾರ ಕಾಗದಪತ್ರ ಸರಿಯಿಲ್ಲವೋ ಅವರ ಸೀಟು ಬದಲಿಯವರಿಗೆ. ಹನ್ನೆರಡು ದಾಟಿತೋ, ಆ ಸಾಲು ಅಲ್ಲಿಗೇ ರದ್ದು. ಮುಂದಿನ ವರ್ಷ ಮತ್ತೆ ಮೊದಲಿಂದ.

ಟ್ವೈಲಾಗೆ ಮುಂದಿನ ವರ್ಷ ಅನ್ನೋದೂ ಇರಲಿಲ್ಲ. ಅವಳು ದೇಹರಚನೆಯ ಪಾಠ ಪಾಸಾಗಿ ಐದು ವರ್ಷ ತುಂಬುತ್ತಾ ಬಂದಿತ್ತು, ಐದಾದರೆ ಅದು ಹಳಸಿತು ಅಂತ ಕಾಲೇಜಿನ ನಿಯಮ. ಮೊನ್ನೆಯ ಸಾರು ನೋಡಿ ಹಳಸೋಕೆ! ಮನುಷ್ಯನ ಮೂಳೆಗಳೇನು ಐದು ವರ್ಷಕ್ಕೊಮ್ಮೆ ಜಾಗ ಬದಲಾಯಿಸುತ್ತವೆಯೇ? ಯಾರನ್ನು ಕೇಳೋದು. ವೃದ್ಧಾಶ್ರಮದ ಆಯಾ ಕೆಲಸ ಮಾಡುತ್ತಾ, ತಾಯಿಯನ್ನು ನೋಡಿಕೊಳ್ಳುತ್ತಾ, ನಲವತ್ತು ದಾಟಿದ ಮೇಲೆ ಅದನ್ನೆಲ್ಲ ಮತ್ತೆ ಓದೋ ಶಕ್ತಿ ತನಗಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಂಗಳವಾರದ ಸಭೆಯಲ್ಲಿ ಡೆಲೇನಿ ಸ್ಪರ್ಲಾಕ್ ಬಂದು ಪಕ್ಕದಲ್ಲೇ ಕೂತಳು. ಅದೇ ವೃದ್ಧಾಶ್ರಮದಲ್ಲಿ ಆಯಾ ಆಗಿರೋ ಹುಡುಗಿ, ಇನ್ನೂ ಇಪ್ಪತ್ತೆರಡು. ಮಲಗಿದವರನ್ನು ಹೇಗೆ ಮಗ್ಗುಲಾಗಿಸಬೇಕು ಅನ್ನೋದರಿಂದ ಹಿಡಿದು ಎಲ್ಲವನ್ನೂ ಅವಳಿಗೆ ಕಲಿಸಿದವಳು ಟ್ವೈಲಾ. ಪ್ರವೇಶ ಪರೀಕ್ಷೆಯಲ್ಲಿ ಎರಡು ಅಂಕ ಜಾಸ್ತಿ ತೆಗೆದು ಸೀಟು ಹೊಡೆದವಳು ಡೆಲೇನಿ. ಹೊಟ್ಟೆ ಉರಿಯಲಿಲ್ಲವೇ ಅಂದರೆ, ಉರಿಯಿತು, ಇಲ್ಲ ಅಂತ ಯಾಕೆ ಹೇಳಬೇಕು.

"ಟ್ವೈಲಕ್ಕ, ನಂದೆಲ್ಲ ಮುಗೀತು ನೋಡು" ಅಂತ ಡೆಲೇನಿ ಫೈಲು ಬಿಚ್ಚಿದಳು. "ಸಿಪಿಆರ್ ಕಾರ್ಡ್ ಒಂದು ಬಾಕಿ ಇತ್ತು. ಅದನ್ನೂ ನಿನ್ನೆ ಮಂಚದ ಮೇಲೆ ಬಿದ್ಕೊಂಡೇ ಫೋನಲ್ಲಿ ಮುಗಿಸ್ಬಿಟ್ಟೆ."

ಟ್ವೈಲಾ ಆ ಕಾರ್ಡನ್ನು ತಿರುಗಿಸಿ ನೋಡಿದಳು. ಫೋನಲ್ಲಿ ನೋಡಿ ಕಲಿತ ಕಾರ್ಡು ಕಾಲೇಜಿನಲ್ಲಿ ನಡೆಯೋದಿಲ್ಲ. ನಿಂತ ಹೃದಯವನ್ನು ಮತ್ತೆ ಬಡಿಯಿಸೋ ಆ ತರಬೇತಿಗೆ ಖುದ್ದು ಹೋಗಿ, ಬೊಂಬೆಯ ಎದೆ ಮೇಲೆ ಕೈಯಿಟ್ಟು ಒತ್ತಿ ಬಂದಿರಬೇಕು. ಇಂಥ ಎಡವಟ್ಟಿಗೆ ವರ್ಷಕ್ಕೊಬ್ಬರಾದರೂ ಸೀಟು ಕಳಕೊಳ್ಳುತ್ತಾರೆ. ಹೇಳಬೇಕು ಅಂತ ಬಾಯಿ ತೆರೆದಳು. "ಚೆನ್ನಾಗಿದೆ ಫೈಲು" ಅಂದಳು.

ಮನೆಗೆ ಬಂದವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ತಾಯಿ ಓಪಲ್ ಹುರುಳಿಕಾಯಿ ನಾರು ಬಿಡಿಸುತ್ತಾ ಸ್ವಲ್ಪ ಹೊತ್ತು ನೋಡಿದಳು.

"ಏನೇ ಅದು, ಮೈಮೇಲೆ ಇರುವೆ ಬಿಟ್ಕೊಂಡೋಳ ಹಾಗೆ ಆಡ್ತಿದೀಯ?"

ಟ್ವೈಲಾ ಎಲ್ಲ ಹೇಳಿದಳು. ಓಪಲ್ ಭಾನುವಾರ ತಪ್ಪದೆ ಚರ್ಚಿಗೆ ಹೋಗೋಳು, ಬೈಬಲ್ಲು ಬಾಯಿಪಾಠ.

"ಅವಳು ನಿನ್ನ ಕೇಳಿದ್ಲಾ, ಈ ಕಾರ್ಡು ನಡೆಯುತ್ತಾ ಅಂತ?"

"ಇಲ್ಲ."

"ಮತ್ತೆ ಸುಮ್ನಿರು. ಸುಳ್ಳು ಹೇಳಬೇಡ ಅಂತ ಬರೆದಿದೆಯೇ ಹೊರತು, ಗೊತ್ತಿರೋದನ್ನೆಲ್ಲ ಊರಿಗೆ ಡಂಗುರ ಹೊಡಿ ಅಂತ ಎಲ್ಲೂ ಬರೆದಿಲ್ಲ."

ಬುಧವಾರವೆಲ್ಲ ಅದೇ ಮಾತನ್ನು ಜಪ ಮಾಡಿದಳು. ಆದರೂ ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಗಿತ್ತು, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಆಶ್ರಮದಲ್ಲಿ ಡೆಲೇನಿ ಕಾಣಿಸಿದರೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಇನ್ನೊಂದು ಕಡೆ ಹೊರಟುಬಿಡೋಳು. ತಪ್ಪಿಸಿಕೊಂಡು ಎಷ್ಟು ಹೊತ್ತು ಓಡಾಡೋದು? ಗುರುವಾರ ಬೆಳಗ್ಗೆ ಬರ್ಲ್ ತಾತನ ಹಾಸಿಗೆ ಬದಲಾಯಿಸೋ ಸರದಿ ಬಂತು. ಬರ್ಲ್ ತಾತ ಗಣಿಯಲ್ಲಿ ದುಡಿದ ದೊಡ್ಡ ಆಳು, ಒಬ್ಬರ ಕೈಯಲ್ಲಿ ಆಗೋ ಕೆಲಸವಲ್ಲ. ಒಂದು ಕಡೆ ಟ್ವೈಲಾ, ಇನ್ನೊಂದು ಕಡೆ ಡೆಲೇನಿ.

"ಬೆನ್ನು ಬಗ್ಗಿಸ್ಬೇಡ ಕಣೆ, ಮಂಡಿ ಬಗ್ಗಿಸು" ಅಂದಳು ಟ್ವೈಲಾ, ದಿನಾ ಅನ್ನೋ ಹಾಗೆ. "ದಿಂಬು ಆ ಕಡೆ ಸರಿಸು. ಬೆಡ್‌ಶೀಟು ಸುಕ್ಕಾಗಿದೆ, ಎಳಿ. ನಿನ್ನ ಕಾರ್ಡು ನಡೆಯಲ್ಲ, ಖುದ್ದಾಗಿ ಹೋಗಿ ಕಲಿತಿರಬೇಕು. ಆ ತುದಿ ಸಿಗಿಸು."

ಹೇಳಿದ ಮೇಲೆ ಅವಳಿಗೇ ಕೇಳಿಸಿತು. ಹಾಳು ಬಾಯಿ! ತಿದ್ದಿ ತಿದ್ದಿ ಅಭ್ಯಾಸವಾದ ಬಾಯಿ, ಒಡತಿಯನ್ನು ಒಂದು ಮಾತು ಕೇಳದೆ ಸೀಟನ್ನು ಎತ್ತಿ ಕೊಟ್ಟುಬಿಟ್ಟಿತು.

ಡೆಲೇನಿ ಕೈಯಲ್ಲಿದ್ದ ತುದಿ ಬಿಟ್ಟಳು. ಅಲ್ಲೇ ನಿಂತು ನಾಲ್ಕು ಕಡೆ ಫೋನು ಮಾಡಿದಳು. ನಾಳೆ ಮಧ್ಯಾಹ್ನದೊಳಗೆ ಸುತ್ತಮುತ್ತ ಎಲ್ಲೂ ತರಬೇತಿ ಇಲ್ಲ. ಬೆಟ್ಟದಾಚೆ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಒಂದು ಇದೆ, ಇವತ್ತು ಸಂಜೆ ಆರಕ್ಕೆ. ತಡವಾಗಿ ಬಂದವರನ್ನು ಒಳಗೆ ಬಿಡೋದಿಲ್ಲ.

"ನನ್ನ ಗಾಡಿ ಗ್ಯಾರೇಜಲ್ಲಿದೆ ಟ್ವೈಲಕ್ಕ" ಅಂದಳು.

ಕರೆದುಕೊಂಡು ಹೋಗು ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಟ್ವೈಲಾ ಆಗಲ್ಲ ಅಂತಿದ್ದಳೋ ಏನೋ. ಬರ್ಲ್ ತಾತ ಮಲಗಿದಲ್ಲಿಂದಲೇ, "ನಿನ್ನ ಗಾಡಿಗೇನಾಗಿದೆಯಮ್ಮ ಟ್ವೈಲಾ?" ಅಂದ.

ಹಾಗೆ ಆ ಸಂಜೆ ಟ್ವೈಲಾ ತನ್ನ ಸೀಟು ಕಿತ್ತುಕೊಳ್ಳೋಳನ್ನು ತನ್ನದೇ ಕಾರಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿದಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಶಪಿಸಿಕೊಂಡಳು. ಅರ್ಧ ಬೆಟ್ಟದಲ್ಲಿ ಮರದ ದಿಮ್ಮಿ ಹೇರಿದ ಲಾರಿಯೊಂದು ಮುಂದೆ ಸಿಕ್ಕಿತು. ಬಸುರಿ ಹೆಂಗಸು ನಡೆದ ಹಾಗೆ ತೇಕುತ್ತಾ ಹೋಗುತ್ತಿತ್ತು. ರಸ್ತೆ ಅಗಲವಾಗಿ, ನೆಟ್ಟಗೆ ಕಾಣೋ ಜಾಗ ಬಂತು. ದಾಟಿ ಹೋಗಬಹುದಿತ್ತು. ಟ್ವೈಲಾ ದಾಟಲಿಲ್ಲ. ಸ್ವಲ್ಪ ಮುಂದೆ ಇನ್ನೊಂದು ಅಂಥದೇ ಜಾಗ ಬಂತು. ಆಗಲೂ ದಾಟಲಿಲ್ಲ. ಡೆಲೇನಿ ಒಮ್ಮೆ ಅವಳ ಮುಖ ನೋಡಿ ಆಮೇಲೆ ಕಿಟಕಿಯ ಕಡೆ ತಿರುಗಿದಳು. ನಾನೇನೂ ಮಾಡುತ್ತಿಲ್ಲವಲ್ಲ, ಜೋಪಾನವಾಗಿ ಓಡಿಸುತ್ತಿದ್ದೇನೆ ಅಷ್ಟೆ ಅಂತ ಟ್ವೈಲಾ ತನಗೆ ತಾನೇ ಹೇಳಿಕೊಂಡಳು.

ಠಾಣೆ ತಲುಪಿದಾಗ ಬಾಗಿಲು ಹಾಕಿತ್ತು. ಗಾಜಿನ ಆಚೆ ಜನ ಬೊಂಬೆಗಳ ಪಕ್ಕ ಮಂಡಿಯೂರಿ ಕೂತಿದ್ದರು. ಕಲಿಸುವಾತ, ಬೋಳುತಲೆಯ ದಪ್ಪ ಮನುಷ್ಯ, ಗೋಡೆಯ ಗಡಿಯಾರ ತೋರಿಸಿ ಆಗಲ್ಲ ಅಂತ ತಲೆಯಾಡಿಸಿದ.

ಡೆಲೇನಿ ಮೆಟ್ಟಿಲ ಮೇಲೆ ಕುಸಿದಳು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, "ಹೋಗ್ಲಿ ಬಿಡು ಟ್ವೈಲಕ್ಕ. ಸರಿಯಾಗಿ ಓದಿ ನೋಡದೇ ಇದ್ದದ್ದು ನಂದೇ ತಪ್ಪು. ಸೀಟು ನಿಂಗೇ ತಾನೆ ಸಿಗೋದು? ಯಾರಿಗೋ ಸಿಗೋದಕ್ಕಿಂತ ನಿಂಗೆ ಸಿಕ್ಕರೆ ನಂಗೇನೂ ಬೇಜಾರಿಲ್ಲ" ಅಂದಳು.

ಆ ಮಾತು ಕೇಳಿ ಟ್ವೈಲಾಗೆ ಎಲ್ಲಿತ್ತೋ ಸಿಟ್ಟು. ಡೆಲೇನಿಯ ಮೇಲೋ, ಲಾರಿಯ ಮೇಲೋ, ತನ್ನ ಮೇಲೋ, ಅವಳಿಗೇ ಗೊತ್ತಾಗಲಿಲ್ಲ. ಎರಡೂ ಮುಷ್ಟಿ ಕಟ್ಟಿ ಬಾಗಿಲು ಗುದ್ದತೊಡಗಿದಳು. ಗಾಜು ಗಡಗಡ ಅಂದಿತು. ಬೋಳುತಲೆಯವನು ಓಡಿಬಂದು ಬಾಗಿಲನ್ನು ಒಂದಿಷ್ಟೇ ತೆರೆದ.

"ಏನಮ್ಮಾ ಇದು, ಬಾಗಿಲು ಮುರೀತೀಯಾ? ತಡ ಆದ್ರೆ ಇಲ್ಲ ಅಂತ ಮೊದಲೇ ಹೇಳಿದೀವಲ್ಲ!"

"ಅವಳು ತಡ ಮಾಡಿಲ್ಲ ಕಣಯ್ಯ, ನಾನು ಮಾಡಿದ್ದು! ಬೇಕು ಬೇಕಂತಲೇ ಲಾರಿ ಹಿಂದೆ ತೆವಳ್ಕೊಂಡು ಬಂದೆ!"

"ಯಾಕೆ?"

"ಅವಳ ಸೀಟು ನಂಗೆ ಬೇಕಿತ್ತು, ಅದಕ್ಕೆ! ಅವಳನ್ನ ಒಳಗೆ ಬಿಡು. ಬಿಡದಿದ್ರೆ ರಾತ್ರಿಯೆಲ್ಲ ಗುದ್ದುತಾ ಇರ್ತೀನಿ."

ಆತ ಇಬ್ಬರನ್ನೂ ನೋಡಿದ. ಇಂಥದ್ದಕ್ಕೆ ಅವನ ನಿಯಮದಲ್ಲಿ ಉತ್ತರವಿರಲಿಲ್ಲ. "ಬನ್ನಿ. ಆದ್ರೆ ಇವಳಿಗೆ ಜೋಡಿ ಯಾರೂ ಇಲ್ಲ. ನೀನೂ ಮಂಡಿಯೂರಿ ಕೂರು" ಅಂದ.

ಟ್ವೈಲಾ ಕೂತಳು. ತನಗೆ ಬೇಡದ ತರಬೇತಿಯನ್ನು ಇನ್ನೊಮ್ಮೆ ಪೂರ್ತಿ ಮಾಡಿದಳು. ಬೊಂಬೆಯ ಎದೆಯನ್ನು ಅವಳು ಒತ್ತಿದ ರಭಸಕ್ಕೆ ಆತ ಹೆದರಿ, "ನಿಧಾನ ತಾಯಿ, ಹಿಂಗೊತ್ತಿದ್ರೆ ಸತ್ತೋನು ಎದ್ದು ಪೊಲೀಸಿಗೆ ದೂರು ಕೊಡ್ತಾನೆ" ಅಂದ. ಎಲ್ಲರೂ ನಕ್ಕರು, ಡೆಲೇನಿ ನಗಲಿಲ್ಲ. ಪಾಠ ಮುಗಿದಾಗ ಅವಳ ಕೈಗೆ ಕಾರ್ಡು ಬಂತು.

ವಾಪಸು ಬರುವಾಗ ಬೆಟ್ಟ ಇಳಿದ ಮೇಲೆ ಮೊದಲು ಮಾತಾಡಿದವಳು ಡೆಲೇನಿ.

"ಆ ಎರಡನೇ ಜಾಗದಲ್ಲೂ ನೀನು ದಾಟದೆ ಇದ್ದಾಗಲೇ ನಂಗೆ ಗೊತ್ತಾಯ್ತು."

"ಮತ್ತೆ ಕೂಗಾಡೋದಕ್ಕೆ ಏನಾಗಿತ್ತು ನಿಂಗೆ? ನಾಲ್ಕು ಬಿಡಬಾರದಿತ್ತಾ?"

"ಹೆಂಗೆ ಬೈಲಿ? ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಕಾರ್ಡಿನ ವಿಷಯ ಬಾಯೇ ಬಿಡ್ತಿರಲಿಲ್ಲ ಟ್ವೈಲಕ್ಕ."

ಅದನ್ನು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಶುಕ್ರವಾರ ಟ್ವೈಲಾ ಫೋನನ್ನು ಜೇಬಿನಿಂದ ತೆಗೆಯೋದು, ನೋಡೋದು, ಇಡೋದು. ಡೆಲೇನಿಯ ಸೀಟು ಕೈತಪ್ಪಿದರೇನಂತೆ, ಬೇರೆ ಯಾರದಾದರೂ ಕಾಗದ ತಪ್ಪಿರಬಹುದಲ್ಲ. ಇನ್ಯಾರಾದರೂ ಮಂಚದ ಮೇಲೆ ಬಿದ್ಕೊಂಡು ಕಲಿತಿರಬಹುದಲ್ಲ. ಬರ್ಲ್ ತಾತನಿಗೆ ಆಲೂಗಡ್ಡೆ ತಿನ್ನಿಸುತ್ತಿದ್ದಾಗ ಗೋಡೆಯ ಮೇಲೆ ಹನ್ನೆರಡಾಯಿತು. ಫೋನು ಸುಮ್ಮನಿತ್ತು. ಹನ್ನೆರಡೂ ಕಾಲಾಯಿತು. ಚಮಚ ಕೈಯಲ್ಲೇ ಇತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮುಗೀತು. ಮೂರು ಸಲ ಬಡಿದ ಬಾಗಿಲು ಇನ್ನು ತೆರೆಯೋದಿಲ್ಲ, ತೆರೆದರೂ ಬಡಿಯೋಕೆ ತನ್ನ ಕೈಯಲ್ಲಿ ಬಲವಿಲ್ಲ ಅನ್ನಿಸಿತು.

ಆಗ ಫೋನು ಅಲುಗಿತು. ಡೆಲೇನಿ.

"ತಗೊಂಡ್ರು, ಎಲ್ಲಾ ಸರಿಯಿದೆ ಅಂದ್ರು."

"ಬೇರೆಯವರದ್ದು?"

"ಕೇಳ್ದೆ. ಎಲ್ಲರದೂ ಸರಿಯಿದೆಯಂತೆ." ಡೆಲೇನಿ ದನಿ ತಗ್ಗಿಸಿದಳು. "ಟ್ವೈಲಕ್ಕ, ಆಫೀಸಿನವಳು ಊಟಕ್ಕೆ ಹೋಗಿದಾಳೆ. ಬದಲಿಯವರ ಪಟ್ಟಿ ಇನ್ನೂ ಅವಳ ಮೇಜಿನ ಮೇಲೇ ಇದೆ, ಬಂದ ಮೇಲೆ ರದ್ದು ಮಾಡ್ತಾಳಂತೆ. ನಾನು ಇಲ್ಲೇ ಬಾಗಿಲ ಹತ್ರ ನಿಂತಿದೀನಿ. ನಂಗೆ ಬೇಡ ಅಂತ ಈಗ ಬರೆದುಕೊಟ್ರೆ ಸೀಟು ನಿಂಗೇ ಬರುತ್ತೆ. ಕೊಟ್ಟುಬಿಡ್ಲಾ? ನಾನು ಚಿಕ್ಕೋಳು, ಮುಂದಿನ ವರ್ಷ ನೋಡ್ಕೋತೀನಿ. ನಿಂಗೆ ಹಂಗಲ್ವಲ್ಲ. ನೀನು ಹೂಂ ಅನ್ನು ಸಾಕು."

ಹೂಂ ಅನ್ನೋಕೆ ಎಷ್ಟು ಹೊತ್ತು ಬೇಕು? ತುಟಿ ತೆರೆಯೋದೂ ಬೇಡ. ಟ್ವೈಲಾ ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಳು. ಬರ್ಲ್ ತಾತ ಅವಳ ಮುಖವನ್ನೇ ನೋಡುತ್ತಿದ್ದ. ಆ ಹೂಂ ಗಂಟಲವರೆಗೂ ಬಂದಿತ್ತು, ಆಣೆ ಮಾಡಿ ಹೇಳಬಹುದು, ಬಂದಿತ್ತು.

"ಬೊಗಳಬೇಡ" ಅಂದಳು ಕೊನೆಗೆ. "ಕದಿಯೋಕೆ ಹೋದಾಗಲೇ ನಂಗೆ ನಾಚಿಕೆಯಿಂದ ಸಾಯೋ ಹಾಗಾಗಿತ್ತು. ಈಗ ದಾನ ಬೇರೆ ಇಸ್ಕೋಬೇಕಾ ನಾನು? ಬಾಗಿಲು ಬಿಟ್ಟು ಈಚೆ ಬಾ. ಸೋಮವಾರ ಬೆಳಗ್ಗೆ ನಾನೇ ಕರ್ಕೊಂಡು ಹೋಗಿ ಬಿಡ್ತೀನಿ, ನೀನು ಒಳಗೆ ಹೋಗೋದನ್ನ ಕಣ್ಣಾರೆ ನೋಡ್ಬೇಕು. ನಡುವೆ ಬಿಟ್ಟು ಬಂದ್ಯೋ, ಕಾಲು ಮುರಿದು ಕೈಗೆ ಕೊಡ್ತೀನಿ."

ಫೋನಿಟ್ಟು ಚಮಚ ಎತ್ತಿಕೊಂಡಳು. ಅರ್ಧ ಆಲೂಗಡ್ಡೆ ತಾತನ ಅಂಗಿಯ ಮೇಲೆ ಬಿತ್ತು.

"ದಡ್ಡಿ" ಅಂದ ಬರ್ಲ್ ತಾತ.

"ಹೂಂ ತಾತ" ಅಂದಳು ಟ್ವೈಲಾ. "ಬಾಯಿ ತೆಗಿ."