ಎರಡನೆಯ ಭಾಗದ ಸುತ್ತಿಗೆ

ಟಿವಿಯ ಆಟದಲ್ಲಿ ಕಂಚಿನ ದೈತ್ಯ ತನ್ನನ್ನು ಏಳನೆಯ ಸಲ ಎತ್ತಿ ಸಮುದ್ರಕ್ಕೆ ಬಿಸಾಡಿದಾಗ ಗಡಿಯಾರನಿಗೆ ಸಿಟ್ಟು ಬರಲಿಲ್ಲ, ಸಂತೋಷವಾಯಿತು. ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿದ್ದ ನೋಟ್‌ಪುಸ್ತಕದಲ್ಲಿ 'ಸುತ್ತಿಗೆ ತಡ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಬೆಳಗಿನ ಹನ್ನೊಂದು ಗಂಟೆ. ಹಿಂದಿನ ಸೋಫಾದಲ್ಲಿ ಅವನ ಮಾವ, ಅಂದರೆ ಹೆಂಡತಿಯ ತಂದೆ, ತಮ್ಮ ಫುಟ್‌ಬಾಲ್ ಪಂದ್ಯಕ್ಕೆ ಟಿವಿ ಯಾವಾಗ ಬಿಡುವಾಗುತ್ತದೋ ಎಂದು ಕಾಯುತ್ತ ಕೂತಿದ್ದರು. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ತಿಂಗಳಿಂದ ಮಗಳ ಮನೆಯಲ್ಲೇ ಇದ್ದರು.

"ಮತ್ತೆ ಸತ್ರಾ ಅಳಿಯಂದಿರೇ?" ಎಂದರು.

"ನಾನಲ್ಲ ಮಾವ, ಆಟ ಸತ್ತಿದೆ" ಎಂದ ಅವನು. ಎಷ್ಟೋ ದಿನಗಳ ಮೇಲೆ ಅವನ ಹೊಟ್ಟೆ ತಣ್ಣಗಾಗಿತ್ತು.

ಗಡಿಯಾರ ಎಂಬುದು ಆಫೀಸಿನವರು ಇಟ್ಟ ಹೆಸರು. ವಿಡಿಯೋ ಗೇಮ್ ಮಾಡುವ ಕಂಪನಿಯೊಂದರಲ್ಲಿ ಹನ್ನೊಂದು ವರ್ಷ ಅವನ ಕೆಲಸ ಹೊಡೆದಾಟಕ್ಕೆ ಕಾಲ ಕೂಡಿಸುವುದಾಗಿತ್ತು. ಗುಂಡಿ ಒತ್ತಿದ ಎಷ್ಟು ಹೊತ್ತಿಗೆ ಕೈ ಏಳಬೇಕು, ಎಷ್ಟು ಹೊತ್ತಿಗೆ ಏಟು ಬೀಳಬೇಕು, ಬಿದ್ದ ಮೇಲೆ ಎಷ್ಟು ಹೊತ್ತು ಸುಧಾರಿಸಿಕೊಳ್ಳಬೇಕು, ಇದೆಲ್ಲ ಅವನ ಬಾಬತ್ತು. ಒಂದು ಸೆಕೆಂಡನ್ನು ಅರವತ್ತು ಚೂರು ಮಾಡಿದರೆ ಅದರಲ್ಲಿ ಎರಡು ಚೂರು ಆಚೀಚೆಯಾದರೂ ಅವನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಯಂತ್ರದಲ್ಲಿ ಅಳೆದು ನೋಡಿದರೆ ಅವನು ಹೇಳಿದ್ದೇ ಸರಿ ಇರುತ್ತಿತ್ತು. ಹಾಗಾಗಿ ಕೆಲವು ವರ್ಷಗಳ ಮೇಲೆ ಯಾರೂ ಅಳೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ಗ್ರೀಕ್ ಪುರಾಣಗಳನ್ನು ಕಲಸಿ ಮಾಡಿದ ಆಟದ ಮೊದಲ ಭಾಗ ಅವನ ಕೈಯಲ್ಲಿ ತಯಾರಾದದ್ದು. ಕುಂಟ ಕಮ್ಮಾರ ದೇವರಿಗೆ ಪುರಾಣದಲ್ಲಿಲ್ಲದ ಒಬ್ಬ ಮಗಳನ್ನು ಹುಟ್ಟಿಸಿ, ಅವಳ ಕೈಗೆ ಆಳುದ್ದದ ಸುತ್ತಿಗೆ ಕೊಟ್ಟು, ಹಾವಿನ ಕೂದಲಿನವಳು, ಗೂಳಿತಲೆಯವನು, ಮೂರು ತಲೆಯ ನಾಯಿ ಎಲ್ಲರ ಮೇಲೂ ಛೂ ಬಿಟ್ಟಿದ್ದರು. ಆಟ ಚೆನ್ನಾಗಿಯೇ ಓಡಿತು. ಆಡಿದವರದ್ದು ಮಾತ್ರ ಒಂದೇ ದೂರು. ಇವಳು ಸುತ್ತಿಗೆ ಎತ್ತುವುದರೊಳಗೆ ನಾಯಿ ಬಂದು ಕಚ್ಚಿ ಹೋಗಿ ಮಲಗಿರುತ್ತದೆ ಎಂದು ಜನ ಆಡಿಕೊಂಡರು. ಅವನು ಜಪ್ಪಯ್ಯ ಎಂದರೂ ಬದಲಾಯಿಸಲಿಲ್ಲ. ಭಾರದ ವಸ್ತು ನಿಧಾನವಾಗಿಯೇ ಏಳಬೇಕು ಎಂಬುದು ಅವನ ಹಟ.

ಅವನ ಕೈಕೆಳಗೆ ಇರುವೆ ಎಂಬ ಹುಡುಗಿ ಇದ್ದಳು. ಸದ್ದಿಲ್ಲದೆ ತನಗಿಂತ ದೊಡ್ಡ ಕೆಲಸ ಹೊತ್ತುಕೊಂಡು ಹೋಗುತ್ತಾಳೆಂದು ಅವನೇ ಇಟ್ಟ ಹೆಸರು ಅದು. ಅವಳ ಲೆಕ್ಕಾಚಾರ ಬೇರೆ ಇತ್ತು. ಭಾರವನ್ನು ಏಟಿನ ಮುಂಚೆ ಇಡುವುದು ಬೇಡ, ಆಮೇಲೆ ಇಡೋಣ ಎನ್ನುತ್ತಿದ್ದಳು. ಗುಂಡಿ ಒತ್ತಿದ ತಕ್ಷಣ ಏಟು ಬೀಳಲಿ. ಬಿದ್ದ ಸುತ್ತಿಗೆ ನೆಲಕ್ಕೆ ಹೂತುಕೊಳ್ಳಲಿ. ಅದನ್ನು ಕಿತ್ತು ತೆಗೆಯುವುದರಲ್ಲಿ ಭಾರ ಗೊತ್ತಾಗಲಿ. ಮೂರು ಸಲ ಮಾದರಿ ಮಾಡಿಕೊಂಡು ಬಂದಳು. ಮೊದಲ ಸಲ ಅವನು ನಕ್ಕ, ಎರಡನೆಯ ಸಲ ರೇಗಿದ, ಮೂರನೆಯ ಸಲ ತೆರೆದೂ ನೋಡಲಿಲ್ಲ. ಎರಡನೆಯ ಭಾಗ ಮಾಡುವ ಹೊತ್ತು ಬಂದಾಗ ಕಂಪನಿಯವರು ಅದನ್ನು ಇರುವೆಯ ಕೈಗೆ ಕೊಟ್ಟರು. ಅವನಿಗೆ ಸಲಹೆಗಾರ ಎಂಬ ಒಂದು ಕುರ್ಚಿ ತೋರಿಸಿದರು. ಆ ಕುರ್ಚಿಯನ್ನು ನಿಮ್ಮ ತಲೆಯ ಮೇಲೇ ಇಟ್ಟುಕೊಳ್ಳಿ ಎಂದು ಹೇಳಿ ಹೊರಬಂದವನು, ಎರಡು ವರ್ಷಗಳಿಂದ ಒಂದು ವೆಬ್‌ಸೈಟಿಗೆ ಆಟಗಳ ವಿಮರ್ಶೆ ಬರೆಯುತ್ತಿದ್ದ. ಅವನ ಬರವಣಿಗೆಯೇನೂ ಸೊಗಸಲ್ಲ. ಆದರೆ ಅವನ ಕೈ ಸುಳ್ಳು ಹೇಳುವುದಿಲ್ಲ ಎಂದು ಓದುಗರು ನಂಬಿದ್ದರು. ಅವನ ಹತ್ತಿರ ಉಳಿದಿದ್ದದ್ದು ಅದೊಂದೇ.

ಈಗ ಎರಡನೆಯ ಭಾಗ ಬಂದಿತ್ತು. ಮೊದಲನೆಯದಕ್ಕಿಂತ ಇದು ಚೆನ್ನಾಗಿದೆಯೇ ಎಂದು ಎಲ್ಲರೂ ಅವನನ್ನೇ ಕೇಳುತ್ತಿದ್ದರು. ಅವನು ಎರಡು ದಿನ ಆಡಿದ. ಸುತ್ತಿಗೆ ತಡವಾಗಿ ಬೀಳುತ್ತಿತ್ತು, ಅನುಮಾನವೇ ಇಲ್ಲ. ಆಟದ ಕೊನೆಯಲ್ಲಿ ಬರುವ ಕಂಚಿನ ದೈತ್ಯ ತಾಲೋಸನ ಹೊಡೆದಾಟದಲ್ಲಂತೂ ಅದು ಎದ್ದು ಕಾಣುತ್ತಿತ್ತು. ದ್ವೀಪ ಕಾಯುವ ಆ ಲೋಹದ ಆಳಿನ ಪ್ರಾಣವೆಲ್ಲ ಹಿಮ್ಮಡಿಯ ಮೊಳೆಯೊಂದರಲ್ಲಿದೆ. ಅವನು ಕಾಲೆತ್ತಿದ ಕ್ಷಣದಲ್ಲಿ ಆ ಮೊಳೆಗೆ ಸರಿಯಾಗಿ ಹೊಡೆಯಬೇಕು. ಗಡಿಯಾರ ಸರಿಯಾದ ಕ್ಷಣದಲ್ಲೇ ಗುಂಡಿ ಒತ್ತುತ್ತಿದ್ದ. ಸುತ್ತಿಗೆ ಬೀಳುವ ಹೊತ್ತಿಗೆ ಕಾಲು ನೆಲದ ಮೇಲಿರುತ್ತಿತ್ತು. ಇರುವೆ ಇಷ್ಟು ವರ್ಷ ತನ್ನ ತಡವನ್ನು ಬೈದು, ಕೊನೆಗೆ ಅದನ್ನೇ ಕದ್ದಿದ್ದಾಳೆ, ಅದೂ ನೆಟ್ಟಗೆ ಕದಿಯಲು ಬಂದಿಲ್ಲ ಎಂದು ಅವನಿಗೆ ಒಳಗೊಳಗೇ ನಗು. ವಿಮರ್ಶೆಯಲ್ಲಿ ಹಾಗೆಯೇ ಬರೆದ. 'ಮೊದಲ ಭಾಗದಲ್ಲಿ ತಡಕ್ಕೆ ಒಂದು ಕಾರಣವಿತ್ತು. ಇಲ್ಲಿರುವುದು ಬರೀ ತಡ. ಎರಡನೆಯ ಭಾಗ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ.'

ಬರಹ ಬಿರುಗಾಳಿಯ ಹಾಗೆ ಹರಡಿತು. ಹಿಂದಿನ ದಿನದವರೆಗೆ ಆಟವನ್ನು ಹೊಗಳುತ್ತಿದ್ದವರಿಗೂ ಮಾರನೆಯ ದಿನ ಸುತ್ತಿಗೆ ಸ್ವಲ್ಪ ತಡ ಅನ್ನಿಸತೊಡಗಿತು. ಗಡಿಯಾರ ಹೇಳಿದ ಮೇಲೆ ಮುಗಿಯಿತು ಎಂದು ಯಾರೋ ಬರೆದರು. ಅದನ್ನು ಅವನು ಊಟಕ್ಕೆ ಕೂತಾಗ ಹೆಂಡತಿಗೆ ಓದಿ ಹೇಳಿದ. ಅವಳು ಶಾಲೆಯ ಟೀಚರ್, ಆಟಗಳ ಗಂಧಗಾಳಿ ಗೊತ್ತಿಲ್ಲ, ಆದರೆ ಇರುವೆಯನ್ನು ಬಲ್ಲಳು. ಆ ಹುಡುಗಿ ವಾರಕ್ಕೆರಡು ಸಲ ಇದೇ ಮೇಜಿನ ಮುಂದೆ ಕೂತು ಊಟ ಮಾಡಿದ್ದವಳು. ಪಾಪ, ಅಷ್ಟು ಕೆಟ್ಟದಾಗಿದೆಯಾ ಎಂದು ಕೇಳಿ ಅವಳು ಮಜ್ಜಿಗೆ ಬಡಿಸಿದಳು.

ನಾಲ್ಕನೆಯ ದಿನ ಮಧ್ಯಾಹ್ನ ಇರುವೆಯ ಫೋನು ಬಂತು. ಎರಡು ವರ್ಷದ ಮೇಲೆ ಮೊದಲ ಸಲ. ಮೊದಲು ಅಕ್ಕನ ಆರೋಗ್ಯ ಕೇಳಿದಳು. ಅವನ ಹೆಂಡತಿಯನ್ನು ಅವಳು ಅಕ್ಕ ಎಂದೇ ಕರೆಯುತ್ತಿದ್ದದ್ದು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದಳು. ಮೇಲಿನವರು ಅವನ ಬರಹದ ಪ್ರಿಂಟು ಹಿಡಿದುಕೊಂಡು ಕೂತಿದ್ದಾರೆ, ವಾರದೊಳಗೆ ಸರಿಮಾಡದಿದ್ದರೆ ತಂಡವನ್ನು ಬೇರೆಯವರಿಗೆ ಒಪ್ಪಿಸುತ್ತಾರಂತೆ. ತಾವು ಮೂರು ಸಲ ಅಳೆದು ನೋಡಿದೆವು, ಯಂತ್ರದಲ್ಲಿ ಏನೂ ತಡ ಕಾಣುತ್ತಿಲ್ಲ ಎಂದಳು. ಅಲ್ಲಿಯವರೆಗೂ ಅವಳ ದನಿ ಸಮಾಧಾನವಾಗಿಯೇ ಇತ್ತು.

"ಒಂದು ಕೇಳ್ಲಾ ಸರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಟಿವೀಲಿ ಗೇಮ್ ಮೋಡ್ ಆನ್ ಇದೆ ತಾನೆ?"

ಅವನಿಗೆ ಅ ಆ ಇ ಈ ಗೊತ್ತಾ ಎಂದು ಕೇಳಿದ ಹಾಗಾಯಿತು. "ಆ ಮಾತು ನಿನಗೆ ಹೇಳಿಕೊಟ್ಟವನು ಯಾರು?" ಎಂದ.

"ನೀವೇ ಸರ್."

"ಮತ್ತೆ? ನನ್ನನ್ನೇ ಪರೀಕ್ಷೆ ಮಾಡ್ತೀಯಾ?"

"ಇಲ್ಲ ಸರ್, ತಪ್ಪಾಯ್ತು. ನಿಮ್ಮ ಕೈಗೆ ತಡ ಅನ್ಸಿದ್ರೆ ತಡಾನೇ. ಯಂತ್ರ ಏನಾದ್ರೂ ಹೇಳ್ಲಿ. ನಾನು ಸರಿ ಮಾಡ್ತೀನಿ" ಎಂದು ಫೋನಿಟ್ಟಳು.

ಇವತ್ತಿನ ಟಿವಿಗಳು ಚಿತ್ರವನ್ನು ಬಂದ ಹಾಗೆ ತೋರಿಸುವುದಿಲ್ಲ. ಒಂದು ಗಳಿಗೆ ಒಳಗಿಟ್ಟುಕೊಂಡು, ನುಣುಪು ಮಾಡಿ, ಬಣ್ಣ ತಿದ್ದಿ ಆಮೇಲೆ ತೋರಿಸುತ್ತವೆ. ಸಿನಿಮಾ ನೋಡುವವರಿಗೆ ಅದರಿಂದ ನಷ್ಟವೇನಿಲ್ಲ. ಆಟ ಆಡುವವನಿಗೆ ಮಾತ್ರ ಗುಂಡಿಗೂ ಏಟಿಗೂ ನಡುವೆ ಒಂದು ಕಂದಕ ಬೀಳುತ್ತದೆ. ಅದಕ್ಕೇ ಗೇಮ್ ಮೋಡ್ ಇರುವುದು. ಅದನ್ನು ಹಾಕಿದರೆ ಟಿವಿ ತನ್ನ ಶೃಂಗಾರವನ್ನೆಲ್ಲ ಬಿಟ್ಟು ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ. 'ಮೊದಲು ಟಿವಿ ನೋಡು, ಆಮೇಲೆ ಆಟ ಬೈ' ಎಂದು ಆಫೀಸಿನ ಗೋಡೆಗೆ ಅಂಟಿಸಿದವನು ಅವನೇ.

ರಿಮೋಟ್ ತೆಗೆದುಕೊಂಡು ನೋಡಿದ. ಆಫ್ ಆಗಿತ್ತು.

ಮಾವ ಮಧ್ಯಾಹ್ನದ ನಿದ್ದೆಗೆ ಹೊರಟಿದ್ದರು. ಟಿವಿ ಮುಟ್ಟಿದ್ದೀರಾ ಎಂದು ಕೇಳಿದ. ತಾನು ಮುಟ್ಟಿಲ್ಲ, ಮೂರು ವಾರದ ಹಿಂದೆ ಮೆಕ್ಯಾನಿಕ್ ಬಂದಿದ್ದ, ಚೆಂಡು ಓಡುವಾಗ ಬಾಲ ಬಂದ ಹಾಗೆ ಕಾಣುತ್ತಿತ್ತು, ಹೇಳಿದೆ, ಏನೋ ಮಾಡಿ ಹೋದ, ಆಮೇಲೆ ಬೆಣ್ಣೆಯ ಹಾಗೆ ಕಾಣುತ್ತಿದೆ ಎಂದು ಅವರು ಖುಷಿಯಿಂದಲೇ ಹೇಳಿದರು. ಅವರನ್ನು ಏನು ಬೈಯುವುದು? ಬೈಯಬೇಕಾದವನು ಬೇರೆ ಇದ್ದ. ಹೊಸ ಆಟ ಹಾಕುವ ಮುಂಚೆ ಟಿವಿ ನೋಡುವುದನ್ನು ಅವನು ಇಷ್ಟು ವರ್ಷಗಳಲ್ಲಿ ಒಂದು ದಿನವೂ ಮರೆತಿರಲಿಲ್ಲ. ಈ ಸಲ ಮೊದಲ ಏಟಿಗೇ ತಡ ಕಂಡಿತು, ಕಂಡದ್ದು ಹಿತವಾಯಿತು, ಹಿತವಾದ ಮೇಲೆ ಹುಡುಕುವುದಕ್ಕೆ ಅವನಿಗೆ ಮನಸ್ಸಿರಲಿಲ್ಲ.

ಗೇಮ್ ಮೋಡ್ ಹಾಕಿ ಆಡಿದ. ತಾಲೋಸ್ ದ್ವೀಪದ ಸುತ್ತ ದಡದಡ ಬಂದ, ಕಾಲೆತ್ತಿದ, ಇವನು ಒತ್ತಿದ. ಒತ್ತಿದ್ದೂ ಬಿದ್ದದ್ದೂ ಒಂದೇ. ಸುತ್ತಿಗೆ ಮೊಳೆಗೆ ಬಡಿದು ಕಲ್ಲಿಗೆ ಹೂತುಕೊಂಡಿತು. ಕಮ್ಮಾರನ ಮಗಳು ಎರಡು ಕೈಯಲ್ಲಿ ಹಿಡಿದು, ಬೆನ್ನು ಬಾಗಿಸಿ ಅದನ್ನು ಕೀಳತೊಡಗಿದಳು. ದೈತ್ಯನ ಇನ್ನೊಂದು ಕಾಲು ಮೇಲಿನಿಂದ ಇಳಿಯುತ್ತಿತ್ತು. ಕಿತ್ತುಕೊಂಡು ಓಡುವುದೋ, ಸುತ್ತಿಗೆ ಬಿಟ್ಟು ಓಡುವುದೋ? ಅವನಿಗೇ ತಿಳಿಯದೆ ಸೋಫಾದಿಂದ ಎದ್ದು ನಿಂತಿದ್ದ. ಭಾರ ಭುಜದವರೆಗೂ ಬಂದಿತ್ತು. ತನ್ನ ಮೊದಲ ಭಾಗದಲ್ಲಿ ಆ ಭಾರವನ್ನು ತರಲು ವರ್ಷಗಟ್ಟಲೆ ಹೆಣಗಿದ್ದ, ಬಂದಿರಲಿಲ್ಲ. ಇದು ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಎಳ್ಳಷ್ಟಲ್ಲ, ಬಹಳ ಚೆನ್ನಾಗಿತ್ತು. ಅವನಿಗೆ ಅಳು ಬರುವ ಹಾಗಾಯಿತು, ಬಂದದ್ದು ಹೊಟ್ಟೆಕಿಚ್ಚು.

ಸಂಜೆ ಹೆಂಡತಿ ಬಂದಾಗ ಎಲ್ಲವನ್ನೂ ಹೇಳಿದ. ಅವಳು ಚಪ್ಪಲಿ ಬಿಟ್ಟವಳು ಅಲ್ಲೇ ನಿಂತು ಕೇಳಿದಳು.

"ಫೋನ್ ಮಾಡಿ ಹೇಳಿಬಿಡಿ. ಟಿವಿ ಕೆಟ್ಟಿತ್ತು ಅಂದ್ರೆ ಆಯ್ತು."

"ಟಿವಿ ಕೆಟ್ಟಿರ್ಲಿಲ್ಲ. ನಾನು ನೋಡ್ಲಿಲ್ಲ. ನನ್ನ ಕಸುಬಿನೋರಿಗೆ ಅದರ ಅರ್ಥ ಬೇರೆ."

"ಅರ್ಥ ಏನಾದ್ರೂ ಆಗ್ಲಿ. ಆ ಹುಡುಗಿ ಅಲ್ಲಿ ಇಲ್ಲದ ತಪ್ಪನ್ನ ಹುಡುಕ್ತಾ ಕೂತಿದಾಳೆ."

ನಾಳೆ ಹೇಳುತ್ತೇನೆ ಎಂದ. ಮಾರನೆಯ ದಿನ ಕೂತು ನಾಲ್ಕು ಸಾಲಿನ ತಿದ್ದುಪಡಿ ಬರೆದ. ಮೊದಲ ಸಾಲು 'ನನ್ನಿಂದ ತಪ್ಪಾಗಿದೆ' ಎಂದಿತ್ತು. ಇದನ್ನು ಹಾಕಿದ ಮೇಲೆ ಅವನ ಮುಂದಿನ ವಿಮರ್ಶೆಯನ್ನು ಯಾರು ಓದುತ್ತಾರೆ? ಗೇಮ್ ಮೋಡ್ ಹಾಕಿಕೊಂಡಿದ್ದೆಯಾ ಎಂದು ನಿನ್ನೆ ಮೊನ್ನೆಯವರೆಲ್ಲ ಕೇಳುತ್ತಾರೆ, ಸಾಯುವವರೆಗೂ ಕೇಳುತ್ತಾರೆ. 'ತಪ್ಪಾಗಿದೆ' ಎಂಬುದನ್ನು 'ಮರುಪರಿಶೀಲನೆ ಅಗತ್ಯ' ಎಂದು ತಿದ್ದಿದ. ಅದೂ ಬೇಡವೆನಿಸಿ ಅಳಿಸಿದ. ಇರುವೆಗೆ ಯಂತ್ರದ ಲೆಕ್ಕ ಗೊತ್ತಿದೆ, ಬುದ್ಧಿವಂತೆ, ಎಲ್ಲಿಯೂ ತಡ ಸಿಗದಿದ್ದರೆ ಸುಮ್ಮನಾಗುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಹೆಂಡತಿ ಎರಡು ದಿನ ಕೇಳಿದಳು. ಮೂರನೆಯ ದಿನ ಕೇಳುವುದನ್ನು ಬಿಟ್ಟಳು, ಮಾತನ್ನೂ ಕಡಿಮೆ ಮಾಡಿದಳು.

ಇರುವೆ ಸುಮ್ಮನಾಗಲಿಲ್ಲ. ಗುರುವಿನ ಕೈಯನ್ನು ಯಂತ್ರಕ್ಕಿಂತ ಹೆಚ್ಚು ನಂಬುವುದನ್ನು ಅವನೇ ಅವಳಿಗೆ ಕಲಿಸಿದ್ದ. ಒಂಬತ್ತನೆಯ ದಿನ ಬೆಳಿಗ್ಗೆ ತಿದ್ದಿದ ಆಟ ಬಂತು, ಹಿಂದೆಯೇ ಅವಳ ಸಂದೇಶ: 'ನೋಡಿ ಸರ್. ಮಧ್ಯಾಹ್ನ ಫೋನ್ ಮಾಡ್ತೀನಿ.'

ಭಾನುವಾರ. ಮಾವ ಸೋಫಾದಲ್ಲಿದ್ದರು, ಹೆಂಡತಿ ಕಿಟಕಿಯ ಹತ್ತಿರ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವನು ಎರಡೆರಡು ಸಲ ಟಿವಿ ನೋಡಿಕೊಂಡು ಆಟ ಹಾಕಿದ. ತಾಲೋಸ್ ಬಂದ, ಕಾಲೆತ್ತಿದ, ಎತ್ತಿದ ಕಾಲನ್ನು ಹಾಗೇ ಹಿಡಿದುಕೊಂಡು ನಿಂತ. ಮುಳ್ಳು ತೆಗೆಸಿಕೊಳ್ಳುವವನ ಹಾಗೆ ಮೊಳೆ ತೋರಿಸಿಕೊಂಡು ನಿಂತೇ ಇದ್ದ. ಇಲ್ಲದ ತಡಕ್ಕೆ ಜಾಗ ಮಾಡಲು ಇರುವೆ ದೈತ್ಯನನ್ನು ನಿಧಾನ ಮಾಡಿದ್ದಳು. ಅಷ್ಟೇ ಅಲ್ಲ, ಸುತ್ತಿಗೆ ಈಗ ಹೂತುಕೊಳ್ಳುತ್ತಿರಲಿಲ್ಲ. ಬೆತ್ತದ ಹಾಗೆ ಬಡಿದು ಪುಟಿಯುತ್ತಿತ್ತು. ಮೂರು ಏಟಿಗೆ ದೈತ್ಯ ಬಿದ್ದ. ಗಡಿಯಾರ ಅಷ್ಟು ಹೊತ್ತೂ ಒರಗಿಕೊಂಡೇ ಕೂತಿದ್ದ.

ಫೋನು ಬಂತು.

"ನೋಡಿದ್ರಾ ಸರ್?" ಅವಳ ದನಿಯಲ್ಲಿ ವಾರದ ಆಯಾಸವಿತ್ತು. "ಸುತ್ತಿಗೆ ಹೂತ್ಕೊಳ್ಳೋದನ್ನ ತೆಗೆಯೋಕೆ ಮನಸ್ಸು ಬರ್ಲಿಲ್ಲ. ಆದ್ರೆ ನಿಮ್ಮ ತಡ ಹೋಗ್ಬೇಕು ಅಂದ್ರೆ ಬೇರೆ ದಾರಿ ಇರ್ಲಿಲ್ಲ. ಈಗ ಸರಿ ಇದೆಯಾ?"

ಹೆಂಡತಿಯ ಕೆಂಪು ಪೆನ್ನು ನಿಂತಿತ್ತು. ಅವಳು ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಇನ್ನೂ ಹೊತ್ತು ಮೀರಿರಲಿಲ್ಲ. ಹಳೆಯದನ್ನೇ ವಾಪಸ್ ಹಾಕು ಎಂದರೆ ಸಾಕು, ಇರುವೆ ನಾಳೆಯೇ ಹಾಕುತ್ತಾಳೆ. ಯಾಕೆ ಎಂದು ಕೇಳುತ್ತಾಳೆ, ಅಷ್ಟೇ.

"ಈಗ ಸರಿ ಇದೆ" ಎಂದ ಅವನು.

ಫೋನಿನ ಆಚೆ ಇರುವೆ ಉಸಿರು ಬಿಟ್ಟದ್ದು ಕೇಳಿಸಿತು. ಅಬ್ಬಾ ಸರ್, ನೀವು ಹೇಳಿದ್ರಲ್ಲ, ಇನ್ನು ನಾನು ನಿದ್ದೆ ಮಾಡ್ತೀನಿ ಎಂದಳು. ಆಟದ ಕೊನೆಯವರೆಗೂ ನೋಡಿ, ಒಂದು ಸಾಲು ಸೇರಿಸಿದ್ದೇನೆ ಎಂದೂ ಹೇಳಿದಳು.

ಪರದೆಯ ಮೇಲೆ ಆಟ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗತೊಡಗಿದ್ದವು. ಹೆಂಡತಿ ಪತ್ರಿಕೆಗಳನ್ನು ಒಟ್ಟು ಮಾಡಿಕೊಂಡು ಒಳಗೆ ಹೋದಳು. ಅವನು ರಿಮೋಟಿಗೆ ಕೈ ಹಾಕಿದ, ಅಷ್ಟರಲ್ಲಿ ಮಾವ ಮುಂದಕ್ಕೆ ಬಾಗಿ, ತಡೀರಿ ತಡೀರಿ ಎಂದರು. ಆಪರೇಷನ್ ಆದ ಕಣ್ಣು ಅವರಿಗೆ ಈಗ ಚೆನ್ನಾಗಿ ಕಾಣುತ್ತಿತ್ತು. 'ಹೊಡೆದಾಟದ ಕಾಲವನ್ನು ತಿದ್ದಿಕೊಟ್ಟ ಗುರುಗಳಿಗೆ' ಎಂಬ ಸಾಲನ್ನೂ ಅದರ ಕೆಳಗಿದ್ದ ಅಳಿಯನ ಹೆಸರನ್ನೂ ಅವರು ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದರು. ಒಳಗಿದ್ದ ಮಗಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಓದಿದರು.