ಒನೊ ಬೆಸೆದ ಪ್ಲೇಟು

ನನ್ನ ತಮ್ಮ ಒನೊರಿಯೊಡೆಯನ್ನು, ನಮ್ಮೆಲ್ಲರ ಒನೊನನ್ನು, ನದಿ ನುಂಗಿತು. ವಾರಿ ಪಟ್ಟಣದ ದಕ್ಕೆಯಿಂದ ಹೊರಟ ದೋಣಿ ಮಗುಚಿತ್ತು. ಉಳಿದವರೆಲ್ಲ ಸಿಕ್ಕರು, ಅವನೊಬ್ಬ ಸಿಗಲಿಲ್ಲ. ಶವ ಸಿಗದಿದ್ದರೆ ಕೂದಲನ್ನೋ ಉಗುರನ್ನೋ ಹೂಳುವುದು ನಮ್ಮಲ್ಲಿ ರೂಢಿ. ಇವನೋ, ಸದಾ ತಲೆ ಬೋಳಿಸಿಕೊಂಡು ತಿರುಗುತ್ತಿದ್ದ ಆಸಾಮಿ; ಕತ್ತರಿಸಿದ ಉಗುರೂ ಮನೆಯಲ್ಲಿ ಉಳಿದಿರಲಿಲ್ಲ.

"ಅವ್ನ ಕೈಯಿಂದ ಆಗಿದ್ದು ಏನಾದ್ರೂ ಇದ್ರೆ ತಂದ್ಕೊಡೇ ತೆಜಿರಿ," ಎಂದಳು ಅವ್ವ. "ಬರೀ ಗುಂಡಿ ಹೆಂಗೆ ಮುಚ್ಚಲಿ?"

ಇತ್ತು. ದೋಣಿ ಹತ್ತುವ ಹಿಂದಿನ ದಿನವಷ್ಟೇ ಅವನು ಬೆಸೆದಿಟ್ಟ ಪರೀಕ್ಷೆಯ ಪ್ಲೇಟು. ನಾವಿಬ್ಬರೂ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಬೆಸುಗೆಯ ತಪಾಸಣೆ ಮಾಡುವವಳು ನಾನೇ. ಆದರೂ ಅದನ್ನು ಎತ್ತಿಕೊಂಡು ಹೋಗುವ ಹಾಗಿರಲಿಲ್ಲ.

ಬಂದಿದ್ದ ಹೊಸ ಕೆಲಸದ ಉಕ್ಕು ಮೂವತ್ತು ಮಿಲಿಮೀಟರ್ ದಪ್ಪ. ಅದಕ್ಕೆ ಕೈ ಹಚ್ಚುವ ಮೊದಲು ಅದೇ ವಿಧಾನದಲ್ಲಿ ಒಂದು ಪ್ಲೇಟು ಬೆಸೆದು, ಪಟ್ಟಿಗಳಾಗಿ ಕೊಯ್ದು, ಎಳೆದು, ಬಗ್ಗಿಸಿ ನೋಡಬೇಕು. ತಾಳಿಕೊಂಡರೆ ಆ ಪ್ಲೇಟಿನ ಎರಡರಷ್ಟು ದಪ್ಪದ ಉಕ್ಕಿನವರೆಗೆ ಆ ವಿಧಾನ ನಡೆಯುತ್ತದೆ. ಉಗ್ರಾಣದಲ್ಲಿ ಉಳಿದದ್ದೆಲ್ಲ ಹನ್ನೆರಡು ಮಿಲಿಮೀಟರಿನದ್ದು. ಅದು ಇಪ್ಪತ್ನಾಲ್ಕಕ್ಕೇ ನಿಲ್ಲುತ್ತದೆ. ಹದಿನಾರರ ಒಂದೇ ಒಂದು ತುಂಡಿತ್ತು, ತುಕ್ಕು ಹಿಡಿದದ್ದು. ಒನೊ ಅದನ್ನೇ ಉಜ್ಜಿ ಬೆಸೆದಿದ್ದ. ಲಾಗೋಸಿನಿಂದ ಬೇರೆ ಬರುವವರೆಗೆ ಗಿರಾಕಿ ಕಾಯುವವನಲ್ಲ. ಕೆಲಸ ತಪ್ಪಿದರೆ ಅರ್ಧ ಜನ ಮನೆಗೆ.

ಫೋರ್ಮನ್ ತ್ಸೋಲಾ ನನ್ನನ್ನು ಪಕ್ಕಕ್ಕೆ ಕರೆದ.

"ಅದು ಸವೆದಿರತ್ತೆ ಕಣಮ್ಮ. ಮೇಲೆ ಬರೆದಿರೋ ದಪ್ಪ ಲೆಕ್ಕಕ್ಕಿಲ್ಲ, ಅಳೆದಿದ್ದೇ ಲೆಕ್ಕ. ಹದಿನೈದಕ್ಕಿಂತ ಕಮ್ಮಿ ಬಂತೂಂದ್ರೆ ನಮಗೆ ಕೆಲಸಕ್ಕೆ ಬರಲ್ಲ. ನಿಮ್ಮವ್ವಂಗೆ ಕೊಡು."

ಹೇಳಿ, ನನ್ನ ಅಳತೆ ತನಗೆ ಕಾಣದಿರಲೆಂದು ಬೇಕೆಂದೇ ಬೆನ್ನು ತಿರುಗಿಸಿ ನಿಂತ. ಒರಟ, ಬಾಯಿಬಡುಕ, ಆದರೆ ಕರುಳಿರುವ ಮನುಷ್ಯ.

ಕಡಿಮೆ ಬರಲಿ ದೇವರೇ ಎಂದುಕೊಳ್ಳುತ್ತಲೇ ಅಳೆದೆ. ಎಲ್ಲಿ ಹಿಡಿದರೂ ಹದಿನೈದೂವರೆ. ತುಕ್ಕನ್ನಷ್ಟೇ ತೆಗೆದು, ಉಕ್ಕನ್ನು ಮುಟ್ಟದಂತೆ ಉಜ್ಜಿದ್ದ ಪುಣ್ಯಾತ್ಮ. ಮನೆಯಲ್ಲಿ ಉಂಡ ತಟ್ಟೆ ತೊಳೆಯಲು ಸೋಮಾರಿಯಾಗಿದ್ದವನು ಇಲ್ಲಿ ಮಾತ್ರ ಇಷ್ಟು ಜೋಪಾನ ಮಾಡಿದ್ದನಲ್ಲ ಎಂದು ಸಿಟ್ಟೇ ಬಂತು. ಕಡಿಮೆ ಬಂತೆಂಬ ಒಂದು ಸುಳ್ಳು ಸಾಕಿತ್ತು. ಆದರೆ ಹಾಗೆಂದರೆ ಅವನ ಕಡೆಯ ಕೆಲಸ ಕೆಟ್ಟಿತ್ತೆಂದು ನಾನೇ ಹೇಳಿದ ಹಾಗಾಗುತ್ತಿತ್ತು.

"ಹದಿನೈದೂವರೆ ಇದೆ, ಓಗಾ," ಎಂದೆ. ಮೇಲಿನವರನ್ನು ನಮ್ಮಲ್ಲಿ ಕರೆಯುವುದೇ ಹಾಗೆ.

"ಇನ್ನೊಂದ್ಸಲ ನೋಡು."

"ನೋಡ್ದೆ. ಮೂವತ್ತೊಂದರವರೆಗೂ ನಡಿಯತ್ತೆ. ಕೊಯ್ಸಿ."

ಗರಗಸ ಓಡುವಾಗ ಹೊರಗೆ ಹೋಗಿ ಗೋಡೆಗೆ ಒರಗಿ ಅತ್ತೆ. ಪಟ್ಟಿಗಳನ್ನು ಕುದುರೆಲಾಳದಂತೆ ಬಗ್ಗಿಸಿದರು. ಬಿರುಕು ಕಾಣಲಿಲ್ಲ, ಕೆಲಸ ಉಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬಗ್ಗಿದ ಪಟ್ಟಿಗಳನ್ನೂ ಉಳಿದ ಅಂಚುಗಳನ್ನೂ ತ್ಸೋಲಾ ತಾನೇ ಒನೊನ ಕೆಲಸದ ಅಂಗಿಯಲ್ಲಿ ಸುತ್ತಿಕೊಟ್ಟ. ಅವ್ವ ಅಂಗಳದಲ್ಲಿ ಕುಳಿತು ಗಂಟು ಬಿಚ್ಚಿದಳು.

"ತುಂಡು ಮಾಡ್ಬಿಟ್ರಾ?"

"ಮಾಡ್ಲೇಬೇಕಿತ್ತು ಅವ್ವ. ಮೂವತ್ತರ ಕೆಲಸಕ್ಕೆ ಬೇರೆ ಪ್ಲೇಟು ಇರ್ಲಿಲ್ಲ. ನಾನೇ ಕೊಯ್ಸಿ ಅಂದೆ."

ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ಗಂಟನ್ನು ಮತ್ತೆ ಕಟ್ಟಿ ಎರಡೂ ಕೈಯಲ್ಲಿ ಎತ್ತಿಕೊಂಡಳು. ಎದೆಗೆ ಒತ್ತಿ, ಸ್ವಲ್ಪ ಆಡಿಸಿ ನೋಡಿದಳು.

"ಹುಟ್ಟಿದಾಗ್ಲೂ ಇಷ್ಟೇ ಭಾರ ಇದ್ದ," ಎಂದಳು.

ಗುಂಡಿಯ ಹತ್ತಿರ ಹೋಗುವವರೆಗೂ ಅದನ್ನು ಯಾರ ಕೈಗೂ ಕೊಡಲಿಲ್ಲ.